ಮಳೆ ಭಾವ ಮತ್ತು ಮೂರು ಬ್ಯಾಟರಿ ಸೈಕಲ್ಲುಗಳು

ನಮ್ಮ ಅಕ್ಕನ ಗಂಡನನ್ನು ಇಡೀ ಬಂಧುಬಳಗ ಮಳೆ ಭಾವ ಎಂದೇ ಕರೆಯುತ್ತಿತ್ತು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ, ಅವರನ್ನು ಭಾವ ಎನ್ನಲು ಯಾವ ಹಕ್ಕೂ ಇಲ್ಲದ ಬೀದಿಯವರೂ ಹಾಗೇ ಕರೆಯುತ್ತಿದ್ದರು. ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ, ತಂತಿ ಬೇಲಿಯೊಳಗೆ, ಮೊಣಕಾಲೆತ್ತರದ ಒಂದು ಮಳೆಮಾಪಕ ಇತ್ತು. ಅದರಲ್ಲಿ ಸೇರಿದ ನೀರನ್ನು ದಿನಾ ಬೆಳಗ್ಗೆ ಎಂಟೂವರೆಗೆ ಗಾಜಿನ ಜಾಡಿಗೆ ಸುರಿದು, ಅಳೆದು, ರಿಜಿಸ್ಟರಿನಲ್ಲಿ ಬರೆಯುವುದು ಅವರ ನೌಕರಿ. ಮಳೆ ಬಂದರೆ ಎಷ್ಟು ಬಂತೆಂದು ಬರೆಯಬೇಕು. ಬಾರದಿದ್ದರೆ ಅಷ್ಟೇ ದೂರ ಹತ್ತಿ ಹೋಗಿ ಸೊನ್ನೆ ಬರೆಯಬೇಕು. "ಸೊನ್ನೆಯನ್ನ ಮನೇಲೇ ಕೂತು ಬರೀಬಹುದಲ್ಲ ಭಾವ" ಎಂದು ನಾನೊಮ್ಮೆ ಕೇಳಿಬಿಟ್ಟಿದ್ದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು.

ಅವರ ಮದುವೆಯೂ ಎಂಟೂವರೆ ಕಳೆದ ಮೇಲೆಯೇ ಆಯಿತು. ಮಾತುಕತೆಯಲ್ಲಿ ಅವರು ಹಾಕಿದ ಷರತ್ತು ಅದೊಂದೇ. ದಿನ ಯಾವುದಾದರೂ ಇರಲಿ, ಗಂಟೆ ಮಾತ್ರ ಹತ್ತರ ನಂತರ. ಆ ದಿನದ ಫೋಟೋ ಇನ್ನೂ ನಮ್ಮ ಮನೆಯಲ್ಲಿದೆ. ಅಕ್ಕ ನೆಲ ನೋಡುತ್ತಿದ್ದಾಳೆ. ಅವಳು ನಾಚಿಕೊಂಡಿದ್ದಾಳೆಂದು ನಾವು ಬಹಳ ವರ್ಷ ತಿಳಿದಿದ್ದೆವು. ಅವಳು ನೋಡುತ್ತಿದ್ದದ್ದು ಗಂಡನ ಪ್ಯಾಂಟಿನ ಬಲಗಾಲನ್ನು. ಸೈಕಲ್ ಚೈನಿಗೆ ಸಿಗದಿರಲೆಂದು ಹಾಕಿಕೊಂಡ ಬಟ್ಟೆ ಒಣಹಾಕುವ ಕ್ಲಿಪ್ಪು ಅಲ್ಲಿ ಹಾಗೇ ಉಳಿದಿತ್ತು.

ಆ ಸೈಕಲ್ಲಿಗೆ ಎರಡು ಬ್ರೇಕು. ಒಂದು ಕಂಪನಿಯವರು ಕೊಟ್ಟ ಕಬ್ಬಿಣದ ಸರಳಿನದು. ಇನ್ನೊಂದು ಭಾವನ ಬಲಗಾಲಿನ ಚಪ್ಪಲಿ. ಇಳಿಜಾರಿನಲ್ಲಿ ಅದನ್ನು ಮುಂದಿನ ಚಕ್ರಕ್ಕೆ ಒತ್ತಿ ಹಿಡಿದು ಇಳಿಯುತ್ತಿದ್ದರು. ವರ್ಷಕ್ಕೆ ಮೂರು ಬಲಗಾಲಿನ ಚಪ್ಪಲಿ ಸವೆಯುತ್ತಿದ್ದವು, ಎಡಗಾಲಿನವು ಅಟ್ಟದ ಮೇಲೆ ಹೊಸದಾಗಿಯೇ ಬಿದ್ದಿರುತ್ತಿದ್ದವು. "ಯಾಕಕ್ಕ ಇಟ್ಟಿದೀಯ, ಎಸಿಬಾರದಾ?" ಎಂದರೆ ಅಕ್ಕ, "ಎಡಗಾಲಲ್ಲಿ ಬ್ರೇಕ್ ಹಾಕೋ ಅಳಿಯ ಸಿಕ್ಕಿದ್ರೆ ಉಡುಗೊರೆ ಕೊಡೋಣ ಅಂತ" ಎನ್ನುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ಆ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ನಾನು ಎಷ್ಟೋ ಸಲ ಗುಡ್ಡ ಇಳಿದಿದ್ದೇನೆ. ಸುಟ್ಟ ರಬ್ಬರಿನ ವಾಸನೆ, ಹಸಿ ಹುಲ್ಲಿನ ವಾಸನೆ, ಭಾವನ ಬೆವರಿದ ಅಂಗಿಯ ವಾಸನೆ ಮೂರೂ ಸೇರಿದರೆ ಈಗಲೂ ನನಗೆ ಹತ್ತೊಂಬತ್ತು ವರ್ಷ. ಹಾಗೆ ಅವು ಮೂರೂ ಸೇರುವುದು ಮಾತ್ರ ಇಲ್ಲ.

ಮೂವತ್ತೊಂದು ವರ್ಷ ಹೀಗೆ ನಡೆಯಿತು. ರಿಜಿಸ್ಟರಿನಲ್ಲಿ ಒಂದು ದಿನದ ಸಾಲೂ ಖಾಲಿ ಬಿದ್ದಿರಲಿಲ್ಲ. ಭಾವನಿಗೆ ಐವತ್ತೆಂಟಾದಾಗ ಮೊಣಕಾಲು ಕೈಕೊಟ್ಟಿತು. ಸೈಕಲ್ ತುಳಿದು ಗುಡ್ಡ ಹತ್ತುವುದು ಇನ್ನು ಮುಗಿಯಿತೆಂದು ಡಾಕ್ಟರು ಹೇಳಿದರು. ಅದನ್ನು ಕೇಳಿಸಿಕೊಂಡಂತೆ ಮೇಲಿನ ಕಚೇರಿಯಿಂದ ಕಾಗದವೂ ಬಂತು. ತಿಂಗಳ ಕೊನೆಗೆ ತನಿಖಾಧಿಕಾರಿ ಬರುತ್ತಾರೆ, ವೀಕ್ಷಕರು ಸಮಯಕ್ಕೆ ಸರಿಯಾಗಿ ಗುಡ್ಡ ಹತ್ತಲು ಶಕ್ತರೋ ಎಂದು ನೋಡುತ್ತಾರೆ, ಅಲ್ಲವಾದರೆ ತಾನೇ ಅಳೆದು ತಾನೇ ಕಳಿಸುವ ಯಂತ್ರ ಕೂರಿಸುತ್ತಾರೆ. ಭಾವ ನಿವೃತ್ತಿಗೆ ಉಳಿದ ಎರಡು ವರ್ಷ ಕಚೇರಿಯ ನೆಲಮಾಳಿಗೆಯಲ್ಲಿ ಲಕೋಟೆಗೆ ಅಂಟು ಹಚ್ಚಬೇಕು.

"ಹಚ್ಚಿದ್ರೆ ಏನೀಗ? ನೆರಳಲ್ಲಿ ಕೂತ್ಕೊಂಡು ಸಂಬಳ" ಎಂದಳು ಅಕ್ಕ. ಭಾವ ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೆ ಬಿಟ್ಟು ಎದ್ದರು. ಅಕ್ಕ ಆ ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ, ನನಗೆ ಫೋನು ಮಾಡಿದಳು. "ಏನೋ ಬ್ಯಾಟರಿ ಸೈಕಲ್ ಅಂತ ಬಂದಿದೆಯಂತಲ್ಲ, ಗುಡ್ಡ ಹತ್ತೋದು. ನಿನಗೆ ಇಂಥದ್ದೆಲ್ಲ ಗೊತ್ತಿರುತ್ತೆ, ನೋಡು."

ನನಗೆ ಇಂಥದ್ದೆಲ್ಲ ಗೊತ್ತು ಎಂಬುದು ನಮ್ಮ ಮನೆಯಲ್ಲಿ ಬಹಳ ಕಾಲದಿಂದ ಉಳಿದುಬಂದಿರುವ ಒಂದು ತಪ್ಪು ತಿಳಿವಳಿಕೆ. ಅದನ್ನು ಹೋಗಲಾಡಿಸಲು ನಾನೂ ಪ್ರಯತ್ನಿಸಿಲ್ಲ. ಎರಡು ದಿನ ಕೂತು ಓದಿ, ಕೋಷ್ಟಕ ಹಾಕಿ, ಭಾವನನ್ನು ಕರೆದುಕೊಂಡು ಪಂಕ್ಚರ್ ಸಾಹುಕಾರನ ಅಂಗಡಿಗೆ ಹೋದೆ. ಈತ ಭಾವನ ಶಾಲೆಯ ಗೆಳೆಯ. ಮರದ ಕೆಳಗೆ ಪಂಕ್ಚರ್ ಹಾಕುತ್ತಿದ್ದವನು ಈಗ ಗಾಜಿನ ಬಾಗಿಲಿನ ಅಂಗಡಿ ಇಟ್ಟಿದ್ದ, ಹೆಸರು ಮಾತ್ರ ಹಳೆಯದೇ ಉಳಿದಿತ್ತು. ಅವನಲ್ಲಿ ಗುಡ್ಡಗಾಡಿನ ಬ್ಯಾಟರಿ ಸೈಕಲ್ಲುಗಳು ಮೂರಿದ್ದವು: ಕಪ್ಪು, ಹಸಿರು, ಕೆಂಪು.

ನಾನು ಕಪ್ಪಿನ ಪರ. "ಒಂದು ಸಲ ಚಾರ್ಜ್ ಮಾಡಿದ್ರೆ ನೂರಿಪ್ಪತ್ತು ಕಿಲೋಮೀಟರು ಭಾವ."

"ಗುಡ್ಡದ ತುದಿ ನಾಲ್ಕು ಮುಕ್ಕಾಲಿದೆ. ಮಿಕ್ಕಿದ್ದರಲ್ಲಿ ನಾನು ಎಲ್ಲಿಗೆ ಹೋಗಲಿ?"

"ಇರಲಿ ಬಿಡಿ, ದೊಡ್ಡ ಬ್ಯಾಟರಿ ಇದ್ರೆ ಧೈರ್ಯ ಇರುತ್ತೆ."

"ನೂರಿಪ್ಪತ್ತು ಅಂತ ಅಳೆದೋರು ಯಾರು?"

"ಕಂಪನಿಯೋರು."

"ಯಾವ ಗುಡ್ಡದಲ್ಲಿ?"

ಸಾಹುಕಾರ ನಕ್ಕ. "ಇವನು ಶಾಲೇಲೂ ಹೀಗೇ. ಮೇಷ್ಟ್ರ ಸ್ಕೇಲನ್ನೇ ಇನ್ನೊಂದು ಸ್ಕೇಲಲ್ಲಿ ಅಳೀತಿದ್ದ. ಮೂರನ್ನೂ ತಗೊಂಡ್ಹೋಗು ಮಾರಾಯ, ಒಂದೊಂದನ್ನೂ ಒಂದೊಂದು ವಾರ ಓಡಿಸಿ ನೋಡು. ಮುರಿಬೇಡ."

ಹೀಗೆ ಭಾವನ ಬೀದಿಗೆ ಮೂರು ವಾರದ ಮನರಂಜನೆ ಸಿಕ್ಕಿತು. ಭಾವ ಹೊಸ ನೋಟುಬುಕ್ಕಿನಲ್ಲಿ ಮಳೆಯ ರಿಜಿಸ್ಟರಿನಂತೆಯೇ ಗೆರೆ ಎಳೆದರು. ಮೊದಲ ವಾರ ಹಸಿರು. ಇಳಿಜಾರಿನ ರಸ್ತೆಗೆ ಅಡ್ಡ ಸೀಮೆಸುಣ್ಣದ ಗೆರೆ ಹಾಕಿ, ಅಲ್ಲಿಗೆ ಬಂದೊಡನೆ ಬ್ರೇಕು ಹಿಡಿದು, ಎಷ್ಟು ದೂರದಲ್ಲಿ ನಿಂತಿತೆಂದು ಟೇಪಿನಲ್ಲಿ ಅಳೆದರು. ಆಮೇಲೆ ಅಕ್ಕ ಬ್ರೇಕು ಹಿಡಿಯುವ ಚಕ್ರದ ತಟ್ಟೆಗಳ ಮೇಲೆ ಒಂದು ಬಕೆಟ್ ನೀರು ಸುರಿಯಬೇಕು, ಮತ್ತೆ ಅದೇ ಪರೀಕ್ಷೆ. ಹಸಿರಿನದು ತಂತಿ ಎಳೆಯುವ ಬ್ರೇಕು. ಒಣಗಿದ್ದಾಗ ಆರು ಮುಕ್ಕಾಲು ಮೀಟರಿಗೆ ನಿಂತದ್ದು ನೆನೆದಾಗ ಒಂಬತ್ತು ದಾಟಿತು, ಹಸಿರು ಅಲ್ಲಿಗೆ ಹೊರಬಿತ್ತು. ಕಪ್ಪು, ಕೆಂಪು ಎರಡರದೂ ಕೊಳವೆಯೊಳಗೆ ಎಣ್ಣೆ ಒತ್ತಿ ಹಿಡಿಯುವ ಬ್ರೇಕು, ಒಂದೇ ಬೆರಳು ಸಾಕು. ಕಪ್ಪಂತೂ ನಾಲ್ಕು ಮೀಟರಿಗೆ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಪರೀಕ್ಷಿಸಲು ಹೋದ ನಾನು ಮಾತ್ರ ಐದನೇ ಮೀಟರಿನಲ್ಲಿ ನಿಂತೆ.

"ಸವಾರಂದು ಬೇರೆ ಕಾಲಮ್ ಹಾಕ್ಲಾ?" ಎಂದರು ಭಾವ.

ಸೈಕಲ್ಲಿನ ಚೌಕಟ್ಟಿನ ಜಿಯೋಮೆಟ್ರಿ ಎಂಬ ಮಾತು ಬಂದಾಗ ನಾನು ಹಿಂದೆ ಸರಿದೆ. ಹೈಸ್ಕೂಲಿನಲ್ಲಿ ಅದು ನನ್ನನ್ನು ಎರಡು ಸಲ ಕೆಡವಿತ್ತು. ಭಾವ ಮಗಳ ಹಳೆಯ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತೆಗೆದು, ಅದಕ್ಕೆ ದಾರ ಕಟ್ಟಿ, ದಾರಕ್ಕೊಂದು ನಟ್ಟು ಇಳಿಬಿಟ್ಟು, ಹ್ಯಾಂಡಲ್ಲಿನ ಕೆಳಗಿನ ಕೊಳವೆ ಎಷ್ಟು ಓರೆಯಾಗಿದೆಯೆಂದು ಅಳೆದರು. ಕಪ್ಪಿನದು ಅರವತ್ತನಾಲ್ಕು ಡಿಗ್ರಿ, ಆರಾಮಕುರ್ಚಿಯ ಹಾಗೆ ಮುಂದಕ್ಕೆ ಚಾಚಿದ್ದು. ಇಳಿಯುವಾಗ ಬಂಡೆಯಂತೆ ಸ್ಥಿರ. ಆದರೆ ನಿಧಾನವಾಗಿ ಹತ್ತುವಾಗ ಮುಂದಿನ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತಿತ್ತು. ಕೆಂಪಿನದು ಅರವತ್ತೇಳೂವರೆ, ತಿರುವುಗಳಲ್ಲಿ ಹೇಳಿದ ಹಾಗೆ ಕೇಳುತ್ತಿತ್ತು. ಮೇಲಾಗಿ ಅದರ ನಡುಕೊಳವೆ ತಗ್ಗಿನಲ್ಲಿತ್ತು, ನೋವಿನ ಕಾಲನ್ನು ದಾಟಿಸಲು ಸುಲಭ. ತೂಕಕ್ಕೆ ತರಕಾರಿ ಮಂಡಿಯ ತಕ್ಕಡಿಗೆ ಹೋದೆವು. ಕಪ್ಪು ಇಪ್ಪತ್ತಾರು ಕಿಲೋ, ಕೆಂಪು ಹದಿನೆಂಟೂವರೆ. ಆದರೆ ಕೆಂಪಿನ ಬ್ಯಾಟರಿ ಚಿಕ್ಕದು, ಕಂಪನಿಯವರೇ ಹೇಳುವುದು ಐವತ್ತೈದು ಕಿಲೋಮೀಟರು. ನಾನು ಕಪ್ಪಿಗೇ ಅಂಟಿಕೊಂಡೆ. "ತೂಕ ಹೊರೋದು ಮೋಟರು ಭಾವ, ನೀವಲ್ಲ."

ಕಪ್ಪಿನ ವಾರದ ಕೊನೆಗೆ ಅದು ನಿಜಕ್ಕೂ ಎಷ್ಟು ದೂರ ಹೋಗುತ್ತದೆಂಬ ಪರೀಕ್ಷೆ. ಎಲ್ಲರೂ ಬ್ಯಾಟರಿ ಪೂರ್ತಿ ಮುಗಿಯುವ ಮೊದಲೇ ನಿಲ್ಲಿಸಿ ಲೆಕ್ಕ ಹಾಕುತ್ತಾರೆ. ಭಾವನಿಗೆ ಅಂದಾಜು ಎಂದರೆ ಅಲರ್ಜಿ. ಮಧ್ಯಾಹ್ನ ಹೊರಟು ಗುಡ್ಡ ಹತ್ತಿ ಇಳಿದು, ಹತ್ತಿ ಇಳಿದು, ಐದನೇ ಸಲ ಹತ್ತುವಾಗ ಮೋಟರು ನಿಂತಿತು. ನಲವತ್ತೊಂದೂವರೆ ಕಿಲೋಮೀಟರು. ಖುಷಿಯಿಂದ ಉರುಳಿಕೊಂಡು ಮನೆಗೆ ಬಂದು, ಚಾರ್ಜಿಗೆ ಹಾಕಿ, ಚಾರ್ಜರಿನ ದೀಪ ಹೊತ್ತಿದ್ದನ್ನು ನೋಡಿಯೇ ಮಲಗಿದರು.

ನಮ್ಮಕ್ಕನಿಗೆ ಹುಟ್ಟಿದಾರಭ್ಯ ಒಂದು ಅಭ್ಯಾಸವಿದೆ. ಮಲಗುವ ಮುಂಚೆ ಮನೆಯ ಗೋಡೆಯ ಮೇಲಿರುವ ಎಲ್ಲ ಸ್ವಿಚ್ಚುಗಳನ್ನೂ ಆರಿಸುತ್ತಾಳೆ. ಫ್ರಿಜ್ ಒಂದು ಹೇಗೋ ಬಚಾವಾಗಿದೆ.

ಮರುದಿನ ಏಳು ಮುಕ್ಕಾಲಿಗೆ ಭಾವ, ಅಕ್ಕ ಮಲಗುವ ತನಕ ಸೇರಿದ್ದ ಒಂದಿಷ್ಟು ಚಾರ್ಜನ್ನೇ ಪೂರ್ತಿಯೆಂದುಕೊಂಡು, ಎಂದಿನಂತೆ ಹೊರಟರು. ಐದು ನಿಮಿಷಕ್ಕೆ ಅಕ್ಕ ಕಸ ಗುಡಿಸುತ್ತ, ಆರಿದ್ದ ಚಾರ್ಜರಿನ ಸ್ವಿಚ್ಚು ನೋಡಿದಳು. ನಾನು ಪಕ್ಕದ ಬೀದಿಯಲ್ಲೇ ಇದ್ದವನು. ಫೋನಿನಲ್ಲಿ ಅವಳ ದನಿ ಕೇಳಿ ಸ್ಕೂಟರು ತೆಗೆದು, ಅವಳನ್ನೂ ಕೂರಿಸಿಕೊಂಡು ಹೊರಟೆ. ಗುಡ್ಡದ ಬುಡದ ಗೇಟಿನ ತನಕ ಮಾತ್ರ ಸ್ಕೂಟರು ಹೋಗುತ್ತದೆ, ಮುಂದೆ ಕಲ್ಲುಗಳ ಕಾಲುದಾರಿ. ಓಡಿದೆವು. ನಾನು ಓಡಿದೆ ಎಂದರೆ ಅಕ್ಕ ಮುಂದೆ ಹೋಗಿ ನನಗಾಗಿ ಕಾಯುತ್ತಿದ್ದಳು ಎಂದರ್ಥ.

ಗೇಟಿನಿಂದ ಒಂದು ಕಿಲೋಮೀಟರು ಮೇಲೆ, ಸತ್ತ ಸೈಕಲ್ಲಿನ ಹ್ಯಾಂಡಲ್ಲನ್ನೇ ಊರುಗೋಲು ಮಾಡಿಕೊಂಡು ಭಾವ ಹೆಜ್ಜೆ ಹೆಜ್ಜೆಗೂ ಹಲ್ಲು ಕಚ್ಚುತ್ತ ಹತ್ತುತ್ತಿದ್ದರು. ಎಂಟು ದಾಟಿ ಐದು ನಿಮಿಷವಾಗಿತ್ತು. ಇನ್ನೂ ಸುಮಾರು ಎರಡು ಕಿಲೋಮೀಟರು.

"ರೀ, ನಾನೇ ಆರಿಸಿದ್ದು ಸ್ವಿಚ್ಚು."

"ಗೊತ್ತಾಯ್ತು."

"ಬೈದುಬಿಡಿ."

"ಇಳಿಯುವಾಗ ಬೈತೀನಿ. ಈಗ ಉಸಿರಿಲ್ಲ."

"ಹತ್ತಿ ಕೂತ್ಕೊಳ್ಳಿ" ಎಂದಳು ಅಕ್ಕ. "ನೀವು ಹ್ಯಾಂಡಲ್ ಹಿಡೀರಿ. ನೀನು ಆ ಕಡೆ ಬಾರೋ."

ಸೈಕಲ್ಲು ಇಪ್ಪತ್ತಾರು, ಭಾವ ಎಪ್ಪತ್ತೊಂದು. ನಾನು ಕೋಷ್ಟಕದಲ್ಲಿ ತೂಕವನ್ನು ಕೊನೆಯ ಸಾಲಿಗೆ ಹಾಕಿದ್ದೆ. ಮೊದಲ ತಿರುವಿಗೇ ಅದು ಮೇಲಿನ ಸಾಲಿಗೆ ಬಂತು. ಎರಡನೆಯದಕ್ಕೆ ಉಳಿದ ಸಾಲುಗಳೇ ಅಳಿಸಿಹೋದವು. ಅರವತ್ತನಾಲ್ಕು ಡಿಗ್ರಿಯ ಆ ಮುಂದಿನ ಚಕ್ರ ನಮ್ಮನ್ನು ಎರಡು ಸಲ ಪೊದೆಗೆ ನುಗ್ಗಿಸಿತು.

"ಒಳ್ಳೇ ಸೈಕಲ್ ಆರಿಸಿದ್ದೀಯ" ಎಂದಳು ಅಕ್ಕ.

"ಬ್ರೇಕು ನೋಡು, ಎಷ್ಟು ಚೆನ್ನಾಗಿದೆ."

"ಅದನ್ನೇ ಹಿಡಿದಿದಾರೇನೋ, ಮುಂದಕ್ಕೇ ಹೋಗ್ತಿಲ್ಲ."

ನೆತ್ತಿ ತಲುಪಿದಾಗ ನನ್ನ ಕಣ್ಣೆದುರು ಚುಕ್ಕಿಗಳು. ಭಾವ ಕುಂಟುತ್ತ ಬೇಲಿಯೊಳಗೆ ಹೋಗಿ, ನೀರು ಸುರಿದು, ನೆಲಕ್ಕೆ ಬಗ್ಗಿ ಜಾಡಿಯ ಮಟ್ಟಕ್ಕೆ ಕಣ್ಣಿಟ್ಟು ಓದಿದರು. ಎರಡು ಪಾಯಿಂಟ್ ನಾಲ್ಕು ಮಿಲಿಮೀಟರು. ರಿಜಿಸ್ಟರು ಬಿಚ್ಚಿ ಗಡಿಯಾರ ನೋಡಿದರು. ಎಂಟು ಮೂವತ್ತನಾಲ್ಕು.

ಅಕ್ಕ ಅವರ ಪಕ್ಕದಲ್ಲಿ ಕುಕ್ಕರಿಸಿ ಮೆಲ್ಲಗೆ ಹೇಳಿದಳು. "ಎಂಟೂವರೆ ಅಂತ ಬರೀರಿ. ನಾಲ್ಕು ನಿಮಿಷದಲ್ಲಿ ಯಾವ ಮಳೆ ಬಂತು? ನಾಡಿದ್ದು ಆ ಅಧಿಕಾರಿ ಬರ್ತಾರೆ. ಇದೊಂದನ್ನ ನೋಡಿದ್ರೆ ಸಾಕು, ನಿಮ್ಮ ಕೈಲಾಗಲ್ಲ ಅಂತ ಬರೆದುಬಿಡ್ತಾರೆ."

ಮೂವತ್ತೊಂದು ವರ್ಷದ ಎಂಟೂವರೆಗಳು ಆ ಪುಟದ ಮೇಲೆ ಸಾಲಾಗಿ ನಿಂತು ಅವರನ್ನೇ ನೋಡುತ್ತಿದ್ದವು. ಭಾವ ೮.೩೪ ಎಂದು ಬರೆದರು. ಷರಾ ಎಂಬ ಕಡೆ, ಅವರು ಅದುವರೆಗೆ ಏನೂ ಬರೆಯದೇ ಬಿಟ್ಟಿದ್ದ ಜಾಗದಲ್ಲಿ, "ವಾಹನ ನಿಂತಿತು. ಇಬ್ಬರು ತಳ್ಳಿದರು" ಎಂದು ಸೇರಿಸಿದರು. ಇಳಿಯುವಾಗ ಅಕ್ಕನನ್ನು ಬೈಯಲೂ ಇಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಅಧಿಕಾರಿ ಬಂದ ದಿನ ಮೂರನೇ ವಾರದ ಕೆಂಪು ಸೈಕಲ್ಲಿನಲ್ಲಿ ಭಾವ ಎಂಟೂಕಾಲಿಗೇ ಮೇಲಿದ್ದರು. ತಳ್ಳಿದವರಲ್ಲಿ ಒಬ್ಬನೆಂಬ ಅರ್ಹತೆಯ ಮೇಲೆ ನಾನೂ ಹೋಗಿದ್ದೆ. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಿಜಿಸ್ಟರಿನ ಪುಟಗಳನ್ನು ಹಿಂದಿನಿಂದ ತಿರುವುತ್ತ ಬಂದು, ಒಂದು ಕಡೆ ಬೆರಳಿಟ್ಟರು.

"ಇದೇನಿದು, ಎಂಟು ಮೂವತ್ತನಾಲ್ಕು?"

"ತಡ ಆಯ್ತು ಮೇಡಂ. ನನ್ನದೇ ತಪ್ಪು. ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದಿತ್ತು."

"ಯಾರು ತಳ್ಳಿದ್ದು?"

"ಇವನು, ಮತ್ತೆ ನನ್ನ ಹೆಂಡ್ತಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೆಂಡತಿಯೇ ಹೆಚ್ಚು ತಳ್ಳಿರಬೇಕೆಂದು ಅವರಿಗೆ ಅನ್ನಿಸಿದ್ದು ಮುಖದಲ್ಲೇ ಕಂಡಿತು.

"ಇಷ್ಟೊತ್ತೂ ಒಂದು ಮಾತು ಕೇಳಬೇಕು ಅಂತಿದ್ದೆ" ಎಂದರು. "ನಾನು ನೋಡೋ ರಿಜಿಸ್ಟರುಗಳಲ್ಲೆಲ್ಲ ಎಂಟೂವರೆ ಅಂತಲೇ ಇರುತ್ತೆ. ಹತ್ತಿ ಬಂದೋರೂ ಹಾಗೇ ಬರೀತಾರೆ, ಮನೇಲಿ ಕೂತು ಬರೆಯೋರೂ ಹಾಗೇ ಬರೀತಾರೆ. ಮೂವತ್ತೊಂದು ವರ್ಷ ಒಂದು ದಿನವೂ ತಪ್ಪಿಲ್ಲ ಅಂದ್ರೆ ನೀವು ಎರಡನೇ ಪೈಕಿ ಅಂದ್ಕೊಂಡೇ ಬಂದಿದ್ದೆ. ಈಗ ಕೇಳೋದೇನೂ ಉಳಿದಿಲ್ಲ. ನಿವೃತ್ತಿ ತನಕ ನೀವೇ ಅಳೀರಿ. ಯಂತ್ರ ಆಮೇಲೆ ಬರಲಿ."

ಭಾವ ತಲೆಯಾಡಿಸಿದರು. ರಿಜಿಸ್ಟರಿನ ಮೂಲೆಯ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ತೀಡಿ ಸರಿ ಮಾಡಿದರು.

ಅದೇ ಸಂಜೆ ಸಾಹುಕಾರನಿಗೆ ಕಪ್ಪನ್ನೂ ಹಸಿರನ್ನೂ ತಿರುಗಿ ಒಪ್ಪಿಸಿ ಕೆಂಪನ್ನು ಉಳಿಸಿಕೊಂಡರು. ನನ್ನ ಕೋಷ್ಟಕದ ಗತಿ ಏನೆಂದು ಕೇಳಿದೆ. "ಸೈಕಲ್ನ ಓಡಿಸೋರು ಆರಿಸಬಾರದು, ತಳ್ಳೋರು ಆರಿಸಬೇಕು. ನಿನ್ನಕ್ಕನ್ನ ಕೇಳಿದೆ, ಕೆಂಪು ಅಂದಳು" ಎಂದರು.

ಆ ಎರಡು ವರ್ಷ ಅಕ್ಕ ಭಾನುವಾರಗಳಂದು ಜೊತೆಗೆ ಹೋಗುತ್ತಿದ್ದಳು. ಮದುವೆಯಾಗಿ ಅಷ್ಟು ವರ್ಷವಾದರೂ ಗಂಡ ದಿನಾ ಎಲ್ಲಿಗೆ ಹೋಗುತ್ತಾನೆಂದು ಅವಳು ಕಣ್ಣಾರೆ ಕಂಡದ್ದು ಆ ತಳ್ಳಾಟದ ದಿನವೇ ಮೊದಲು. ಅವಳು ನಡೆಯುತ್ತಾಳೆ, ಭಾವ ಪಕ್ಕದಲ್ಲಿ ಮೋಟರನ್ನು ತೀರ ಸಣ್ಣಗೆ ಇಟ್ಟುಕೊಂಡು ಅವಳ ನಡಿಗೆಯ ವೇಗಕ್ಕೇ ಸೈಕಲ್ ಬಿಡುತ್ತಾರೆ. ಕೆಳಗಿನ ರಸ್ತೆಯಲ್ಲಿ ಹಾಲು ತರಲು ಹೋದ ನನಗೆ ಇಬ್ಬರೂ ತಿರುವಿನಲ್ಲಿ ಒಮ್ಮೆ ಕಂಡು ಮರೆಯಾಗುತ್ತಿದ್ದರು. ಏನೋ ಜಗಳ ನಡೆದೇ ಇರುತ್ತಿತ್ತು, ಮಾತು ಕೇಳಿಸದಿದ್ದರೂ ಅಕ್ಕನ ಕೈ ಆಡುವುದು ಕಾಣುತ್ತಿತ್ತು. ಈಗ ನೆತ್ತಿಯಲ್ಲಿ ಯಂತ್ರ ಕೂತಿದೆ. ಆ ತಿರುವನ್ನು ನಾನು ಈಗಲೂ ಸುಮ್ಮನೆ ನೋಡುತ್ತೇನೆ.

ಹೆಂಡತಿಯ ನಡಿಗೆಯ ವೇಗದಲ್ಲಿ ಆ ಚಿಕ್ಕ ಬ್ಯಾಟರಿ ಎಷ್ಟು ದೂರ ಬರುತ್ತದೆಂಬುದನ್ನೂ ಭಾವ ಅಳೆಯದೆ ಬಿಡಲಿಲ್ಲ. ನಡುವೆ ಚಾರ್ಜಿಗೆ ಹಾಕದೆ ಒಂದು ವಾರ ಅವಳನ್ನು ದಿನಾ ಜೊತೆಗೆ ಕರೆದೊಯ್ದಾಗ ಅರವತ್ತಮೂರು ಕಿಲೋಮೀಟರು ಬಂತು. ಕಂಪನಿ ಹೇಳಿದ್ದಕ್ಕಿಂತ ಎಂಟು ಹೆಚ್ಚು. ತಮ್ಮ ಕರಪತ್ರದಲ್ಲಿರುವ ಅಂಕಿ ತಪ್ಪಾಗಿದೆ, ದಯವಿಟ್ಟು ಸರಿಪಡಿಸಿಕೊಳ್ಳಿ ಎಂದು ಕಂಪನಿಗೆ ಪತ್ರ ಬರೆದು, ಅಳತೆಯ ಪರಿಸ್ಥಿತಿ ಎಂಬ ಕಡೆ ಅಕ್ಕನ ವಯಸ್ಸು, ಅವಳು ನಡುವೆ ಕೂತು ಸುಧಾರಿಸಿಕೊಂಡ ಸಲ ಎಷ್ಟು ಎಂಬುದನ್ನೂ ನಮೂದಿಸಿ, ಲಕೋಟೆಗೆ ತಾವೇ ಅಂಟು ಹಚ್ಚಿ ಕಳಿಸಿದರು.