ಚಪ್ಪಲಿ ಎಣಿಸುವ ಪೊಲೀಸಕ್ಕ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಸಾರ್ವಜನಿಕ ಗ್ರಂಥಾಲಯದ ಬಾಗಿಲಿನ ಬೀಗವನ್ನು ತೆಗೆಯುವ ಮೊದಲು ಅಟೆಂಡರ್ ಅಕ್ಕ ಅದನ್ನು ಎರಡು ಸಲ ಜಗ್ಗಿ ನೋಡುತ್ತಾರೆ. ನಿನ್ನೆ ಸಂಜೆ ಬೀಗ ಹಾಕಿದವರು ಅವರೇ. ಕೀಲಿಕೈ ಇರುವುದೂ ಅವರ ಸೊಂಟದಲ್ಲೇ. "ನಾನೇ ಹಾಕಿದ್ದು, ನಿಜ. ಆದ್ರೆ ನಾನು ಹಾಕಿದ ಹಾಗೇ ಇದೆಯಾ ಅಂತ ನೋಡ್ಬೇಕೋ ಬೇಡ್ವೋ?" ಎಂದು ನಮ್ಮನ್ನೇ ಕೇಳುತ್ತಾರೆ.

ಒಳಗೆ ಹೋದವರು ದೀಪ ಹಾಕುವುದಿಲ್ಲ. ಮೊದಲು ಏಳು ಕಿಟಕಿಗಳ ಚಿಲಕ ಮುಟ್ಟಿ ನೋಡುತ್ತಾರೆ. ಆಮೇಲೆ ಮೆಟ್ಟಿಲ ಮೇಲೆ ಬಿದ್ದಿರುವ ಪತ್ರಿಕೆಗಳ ಕಟ್ಟನ್ನು ತಂದು ಬಿಚ್ಚಿ, ಒಂದೊಂದರ ಹಾಳೆಯನ್ನೂ ಎಣಿಸುತ್ತಾರೆ. ಪತ್ರಿಕೆ ಹಾಕುವವನು ಭಾನುವಾರದ ಪುರವಣಿಯನ್ನು ಯಾರಿಗೋ ಕೊಟ್ಟುಬಿಡುತ್ತಾನೆ ಎಂಬುದು ಅವರ ಗುಮಾನಿ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅದು ಸಾಬೀತಾಗಿಲ್ಲ. ಹಾಗಂತ ಎಣಿಸುವುದನ್ನೇನೂ ಅವರು ಬಿಟ್ಟಿಲ್ಲ. ಎಣಿಸಿದ ಮೇಲೆ ಮೊದಲ ಪುಟಕ್ಕೊಂದು ಸೀಲು, ಪದಬಂಧದ ನಟ್ಟನಡುವೆ ಇನ್ನೊಂದು ಸೀಲು. ಪದಬಂಧಕ್ಕೇಕೆ ಎಂದರೆ, "ಬ್ಲೇಡಲ್ಲಿ ಕತ್ತರಿಸಿಕೊಂಡು ಹೋಗ್ತಾರಲ್ಲ ಮಹಾನುಭಾವರು, ಅವರಿಗೆ ಆ ಚೌಕದಲ್ಲಿ ಏನೂ ಬರೆಯೋಕಾಗಬಾರದು" ಎಂದು ತೃಪ್ತಿಯಿಂದ ನಗುತ್ತಾರೆ.

ಊರಿನ ಮಕ್ಕಳು ಬೆನ್ನ ಹಿಂದೆ ಇವರನ್ನು ಕರೆಯುವುದು ಪೊಲೀಸಕ್ಕ ಎಂದು. ಎದುರಿಗೆ ಬರೀ ಅಕ್ಕ. ಎರಡೂ ಅವರಿಗೆ ಗೊತ್ತು. ನಾವು ಅವರ ಬಗ್ಗೆ ಬರೆಯಲು ಬಂದಿದ್ದೇವೆ ಎಂದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಯಾರು ಕಳಿಸಿದ್ರು?" ಎರಡನೆಯದು, "ಆ ಚೀಲದಲ್ಲಿ ಏನಿದೆ?" ಚೀಲವನ್ನು ಬಾಗಿಲ ಬಳಿಯ ಗೂಡಿನಲ್ಲಿಟ್ಟು, ಟೋಕನ್ ಪಡೆದ ಮೇಲೆಯೇ ನಮಗೆ ಕುರ್ಚಿ ಸಿಕ್ಕಿತು.

ಇನ್ನು ಗೇಟಿನ ಕಪ್ಪುಹಲಗೆಯ ಸರದಿ. ಅದರ ತಲೆಬರಹ 'ಬೇಸಿಗೆ ಸುದ್ದಿ'. ಶಾಲೆಗೆ ರಜೆ ಬಿದ್ದ ದಿನದಿಂದ ಪ್ರತಿದಿನ ಬೆಳಿಗ್ಗೆ ಅವರು ಅದರ ಮೇಲೆ ಸೀಮೆಸುಣ್ಣದಲ್ಲಿ ಅಂದಿನ ಕಾರ್ಯಕ್ರಮ ಬರೆಯುತ್ತಾರೆ. ಸೋಮವಾರ ನಿವೃತ್ತ ನರ್ಸಮ್ಮನಿಂದ ಹಿರಿಯರಿಗೆ ಪತ್ರಿಕೆ ಓದು. ಬುಧವಾರ ಮಕ್ಕಳಿಗೆ ಕಥೆಯ ಹೊತ್ತು. ಶುಕ್ರವಾರ ಸೈಕಲ್ ಅಂಗಡಿಯವರಿಂದ ಪಂಕ್ಚರ್ ಹಾಕುವ ಪಾಠ. ಉಳಿದ ದಿನ ಕಾಗದದ ಕರಕುಶಲ ಕೆಲಸ, ನಕಾಶೆ ಓದುವುದು, ಯಾರಾದರೂ ಒಪ್ಪಿದರೆ ಹಾಡು. ಮೊದಲ ವಾರ ದಿನಕ್ಕೆ ನಲವತ್ತು ಮಂದಿ ಬರುತ್ತಿದ್ದರು, ಈಗ ನೂರರ ಮೇಲೆ.

ಈ ಲೆಕ್ಕ ಹಾಜರಿ ಪುಸ್ತಕದ್ದಲ್ಲ. ಅದನ್ನು ಅವರು ನಂಬುವುದಿಲ್ಲ. ಬಾರದ ಗೆಳೆಯರ ಸಹಿಯನ್ನೂ ಮಕ್ಕಳೇ ಹಾಕುತ್ತಾರಂತೆ. ಕಾರ್ಯಕ್ರಮ ಶುರುವಾಗಿ ಹತ್ತು ನಿಮಿಷಕ್ಕೆ ಅವರು ಬಾಗಿಲಿಗೆ ಹೋಗಿ, ಬಿಟ್ಟ ಚಪ್ಪಲಿಗಳನ್ನು ಎಣಿಸಿ ಎರಡರಿಂದ ಭಾಗಿಸುತ್ತಾರೆ. "ಮನುಷ್ಯ ಸುಳ್ಳು ಹೇಳಬಹುದು, ಚಪ್ಪಲಿ ಹೇಳುತ್ತಾ?" ಎನ್ನುತ್ತಾರೆ. ಒಂದು ದಿನ ಮಾತ್ರ ಎಪ್ಪತ್ತೇಳು ಬಂದು, ಆ ಅರ್ಧ ಮನುಷ್ಯ ಯಾರೆಂದು ಅವರು ಇಡೀ ಓದುವ ಕೋಣೆ ಜಾಲಾಡಿದ್ದನ್ನು ಊರು ಇನ್ನೂ ಹೇಳಿಕೊಂಡು ನಗುತ್ತದೆ.

ನಗುವವರಿಗೇನು, ನಕ್ಕು ಹೋಗುತ್ತಾರೆ. ಅಕ್ಕನ ಸಂಶಯಕ್ಕೆ ಹಿಂದೊಂದು ಗಾಯವಿದೆ. ದಿನಗೂಲಿಯ ಮೇಲೆ ಕಸ ಗುಡಿಸಲು ಸೇರಿದ ಮೂರನೇ ವರ್ಷ ಅದು. ಇಸ್ತ್ರಿ ಅಂಗಿ ತೊಟ್ಟ ಮೇಷ್ಟರೊಬ್ಬರು ದಿನಾ ಬರುತ್ತಿದ್ದರು. "ಊಟ ಆಯ್ತೇನಮ್ಮ ತಾಯಿ" ಎಂದು ವಿಚಾರಿಸುತ್ತಿದ್ದರು. ಅಷ್ಟು ಮರ್ಯಾದೆಯಿಂದ ಅಲ್ಲಿ ಬೇರೆ ಯಾರೂ ಮಾತಾಡಿಸಿದ್ದಿಲ್ಲ. ಅವರ ಚೀಲ ನೋಡಬೇಕೆಂದು ಅಕ್ಕನಿಗೆ ಅನ್ನಿಸಲೇ ಇಲ್ಲ. ವರ್ಷದ ಕೊನೆಗೆ ವಿಶ್ವಕೋಶದ ಹನ್ನೊಂದು ಸಂಪುಟ ನಾಪತ್ತೆ, ಮೇಷ್ಟರೂ ನಾಪತ್ತೆ. ಮೆಮೊ ಬಂದದ್ದು ಗುಡಿಸುವವಳಿಗೆ. ಕೆಲಸ ಕಾಯಂ ಆಗುವುದು ಆರು ವರ್ಷ ಮುಂದಕ್ಕೆ ಹೋಯಿತು. "ಕದ್ದಿದ್ದಕ್ಕಿಂತ ತಾಯಿ ಅಂದಿದ್ದೇ ಹೊಟ್ಟೆ ಉರಿಸುತ್ತೆ" ಎನ್ನುವಾಗ ಅವರ ದನಿ ಈಗಲೂ ಗಡುಸಾಗುತ್ತದೆ.

ಕೆಲಸ ಕಾಯಂ ಆದ ಮೇಲೂ ಅವರು ಯಾರಿಗೂ ಜಾಮೀನು ಸಹಿ ಹಾಕಿರಲಿಲ್ಲ. ಇಲ್ಲಿ ಸದಸ್ಯರಾಗಿ ಪುಸ್ತಕ ಮನೆಗೆ ಒಯ್ಯಬೇಕಾದರೆ, ಕಾಯಂ ನೌಕರಿಯಲ್ಲಿರುವವರೊಬ್ಬರು ಅರ್ಜಿಗೆ ಸಹಿ ಹಾಕಬೇಕು. ಪುಸ್ತಕ ಕಳೆದರೆ ಸಹಿ ಹಾಕಿದವರೇ ಹೊಣೆ. ನಾದಿನಿ ತನ್ನ ಮಗನ ಅರ್ಜಿ ಹಿಡಿದು ಮನೆಗೇ ಬಂದಿದ್ದಳು. ಅಕ್ಕ ಒಪ್ಪಲಿಲ್ಲ. ನಾದಿನಿ ಎರಡು ವರ್ಷ ಮಾತು ಬಿಟ್ಟಳು. ಬಸ್ ಕಂಡಕ್ಟರ್ ಆಗಿರುವ ಅಕ್ಕನ ಗಂಡ, "ನನ್ನನ್ನಾದ್ರೂ ನಂಬ್ತೀಯೋ?" ಎಂದು ಕೇಳಿದ್ದರಂತೆ. "ನೋಡೋಣ ಅಂದೆ" ಎಂದು ಅಕ್ಕ ಮುಖ ಸಡಿಲಿಸದೆ ಹೇಳುತ್ತಾರೆ.

ಇಂಥವರ ಕೈಯಿಂದ ಈ ಬೇಸಿಗೆ ಗ್ರಂಥಪಾಲಕರು ಮಕ್ಕಳ ಬೀರುವಿನ ಬೀಗ ತೆಗೆಸಿದರು. ಮಕ್ಕಳು ತಾವೇ ಪುಸ್ತಕ ಆರಿಸಿಕೊಂಡು ಅಲ್ಲೇ ಕೂತು ಓದಲಿ ಎಂಬುದು ಅವರ ಆಸೆ. ಮೇಲಿನ ಕಚೇರಿ ಒಪ್ಪಿತು, ಒಂದು ಷರತ್ತಿನ ಮೇಲೆ. ರಜೆ ಮುಗಿಯಲು ಮೂರು ವಾರವಿರುವಾಗ ಎಣಿಕೆ ನಡೆಯುತ್ತದೆ. ನಾನೂರ ಹನ್ನೆರಡು ಪುಸ್ತಕದಲ್ಲಿ ಐದಕ್ಕಿಂತ ಹೆಚ್ಚು ಕಮ್ಮಿಯಾದರೆ ಬೀರುವಿಗೆ ಮತ್ತೆ ಬೀಗ, ಮುಂದಿನ ವರ್ಷ ಬೇಸಿಗೆ ಕಾರ್ಯಕ್ರಮವೂ ಇಲ್ಲ. ಬೀರುವಿನ ಉಸ್ತುವಾರಿ ಅಟೆಂಡರ್ ಮೇಲೆ. "ಸಾರ್‌ಗೆ ಬೇಡ ಅಂತ ಬಡಕೊಂಡೆ. ಕೇಳಲಿಲ್ಲ. ಕೊನೆಗೆ ಮೆಮೊ ಬಂದ್ರೆ ಯಾರಿಗೆ ಬರುತ್ತೆ ಹೇಳಿ?"

ಎಂಟನೇ ದಿನ ಸಂಜೆ ಅಕ್ಕನ ಎಣಿಕೆಗೆ ಸಿಕ್ಕಿದ್ದು ನಾನೂರ ಒಂಬತ್ತು. ಮೂರು ಕಮ್ಮಿ. ಮರುದಿನ ನಾನೂರ ಆರು. ಅದರ ಮರುದಿನ ನೋಡಿದರೆ ನಾನೂರ ಎಂಟು! ಕದ್ದವರು ಎರಡನ್ನು ವಾಪಸ್ ತಂದಿಟ್ಟಿದ್ದಾರೆಯೇ? ಮೂರು ಸಲ ಎಣಿಸಿದರು. "ಕದ್ದೋರು ವಾಪಸ್ ತಂದಿಡೋದು, ಮತ್ತೆ ಬೇರೇದು ಕದಿಯೋದು, ಇದು ಯಾವ ಸೀಮೆ ಕಳ್ಳತನ ಅಂತ ತಲೆ ಕೆಟ್ಟುಹೋಯ್ತು." ಗ್ರಂಥಪಾಲಕರಿಗೆ ಹೇಳಲಿಲ್ಲ. ಹೇಳಿದರೆ ಬೀಗ, ಹೇಳದಿದ್ದರೆ ಮೆಮೊ. ಅತ್ತ ದರಿ ಇತ್ತ ಪುಲಿ ಎಂಬಂತಾಯಿತು.

ಅಂದಿನಿಂದ ಅಕ್ಕನ ಕಣ್ಣಿಗೆ ಊರೆಲ್ಲ ಕಳ್ಳರೇ. ಸೈಕಲ್ ಅಂಗಡಿಯವರ ಟೂಲ್ ಡಬ್ಬದಲ್ಲಿ ತೆಳ್ಳಗಿನ ಪುಸ್ತಕ ಹಿಡಿಸುತ್ತದಲ್ಲವೇ? ಅಷ್ಟಗಲದ ಫ್ರಾಕ್ ತೊಟ್ಟ ಹುಡುಗಿ ಹೋಗುವಾಗ ಯಾಕೆ ಹೊಟ್ಟೆ ಹಿಡಿದುಕೊಂಡಳು? ಎಲ್ಲಕ್ಕಿಂತ ಹೆಚ್ಚಿನ ಅನುಮಾನ ನರ್ಸಮ್ಮನ ಬಟ್ಟೆ ಚೀಲದ ಮೇಲೆ. ಹಿರಿಯರೆಂದು ಅವರೊಬ್ಬರಿಗೆ ಚೀಲ ಒಳಗೆ ತರಲು ಬಿಟ್ಟಿದ್ದರು. ಮರ್ಯಾದೆಯಾಗಿ ಮಾತಾಡುತ್ತಿದ್ದರು ಬೇರೆ! ಒಂದು ಸೋಮವಾರ ಓದು ಮುಗಿಸಿ ಎದ್ದ ನರ್ಸಮ್ಮನನ್ನು ಅಕ್ಕ ಎಲ್ಲರೆದುರಿಗೆ ಬಾಗಿಲಲ್ಲಿ ತಡೆದು, ಚೀಲ ಮೇಜಿನ ಮೇಲೆ ಸುರಿಸಿದರು. ಬಿದ್ದದ್ದು ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಅರ್ಧ ಹೆಣೆದ ಒಂದು ಮಗುವಿನ ಟೋಪಿ. ನರ್ಸಮ್ಮ ಒಂದೊಂದನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡು, "ನನ್ನ ವಯಸ್ಸಿಗೆ ಇದೊಂದು ಬಾಕಿ ಇತ್ತು, ಮಗಳೇ" ಎಂದು ಹೊರಟುಹೋದರು.

ಮುಂದಿನ ಸೋಮವಾರ ಅವರು ಬರಲಿಲ್ಲ. ಹದಿನಾಲ್ಕು ಮಂದಿ ಅಜ್ಜಂದಿರು, ಅಜ್ಜಿಯರು ಬೆಂಚಿನ ಮೇಲೆ ಕೂತು ಬಾಗಿಲು ನೋಡುತ್ತಿದ್ದರು. ಕೊನೆಗೆ ಅಕ್ಕನೇ ಪತ್ರಿಕೆ ಹಿಡಿದು ಓದಿದರು. ದೊಡ್ಡ ಪದಗಳಲ್ಲಿ ತಡವರಿಸಿದರು. "ಸ್ವಲ್ಪ ಜೋರಾಗಿ ಓದಮ್ಮ, ನಮ್ಮ ಚೀಲ ಆಮೇಲೆ ನೋಡುವೆಯಂತೆ" ಎಂದು ಅಜ್ಜರೊಬ್ಬರು ಕುಟುಕಿದಾಗ ಎಲ್ಲರೂ ನಕ್ಕರು. ಅಕ್ಕನಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. ಆದರೆ ಪುಸ್ತಕ ಮಾತ್ರ ಕಮ್ಮಿಯಾಗುತ್ತಲೇ ಇತ್ತು. ಎಣಿಕೆಗೆ ಎರಡು ದಿನವಿದ್ದಾಗ ಬೀರುವಿನಲ್ಲಿ ಉಳಿದದ್ದು ಮುನ್ನೂರ ಎಂಬತ್ತೊಂಬತ್ತು. ಇಪ್ಪತ್ಮೂರು ಇಲ್ಲ.

ಮರುದಿನ ಬೆಳಿಗ್ಗೆ ಅಕ್ಕ ನಿದ್ದೆಗೆಟ್ಟ ಕಣ್ಣಿನಲ್ಲೇ ಎಣಿಕೆಯವರಿಗಾಗಿ ಧೂಳು ಹೊಡೆಯತೊಡಗಿದರು. ಮೂಲೆಯಲ್ಲಿ ಹಳೆಯ ಸರ್ಕಾರಿ ಗೆಜೆಟ್‌ಗಳ ಕಪಾಟಿದೆ. ಇಟ್ಟಿಗೆ ದಪ್ಪದ, ಯಾರೂ ಮುಟ್ಟದ ಸಂಪುಟಗಳು. ಒಂದನ್ನು ಹೊರಗೆಳೆದರು. ಅದರ ಹಿಂದೆ ಗೋಡೆಗೊರಗಿಕೊಂಡು ಒಂದು ಬಣ್ಣದ ಪುಸ್ತಕ ನಿಂತಿತ್ತು. ನಡುವೆ ಚೀಟಿ. 'ದಯವಿಟ್ಟು ತೆಗೀಬೇಡಿ. ಪುಟ ನಲವತ್ತಾರು. ನಾನು ಇನ್ನೂ ಓದ್ತಾ ಇದ್ದೀನಿ.' ಪಕ್ಕದ ಗೆಜೆಟ್ ಎಳೆದರೆ ಅಲ್ಲೊಂದು, ಪುಟದ ಗುರುತಿಗೆ ಬಸ್ ಟಿಕೆಟ್. ಇನ್ನೊಂದಕ್ಕೆ ಹೇರ್‌ಪಿನ್, ಮತ್ತೊಂದಕ್ಕೆ ಸೈಕಲ್ ಟ್ಯೂಬಿನ ತುಂಡು. ಎಣಿಸಿದರು. ಇಪ್ಪತ್ಮೂರು! ಅಕ್ಕ ಧೂಳಿನಲ್ಲೇ ಕುಸಿದು ಕೂತರು. ನಗಬೇಕೋ ಅಳಬೇಕೋ ತಿಳಿಯಲಿಲ್ಲವಂತೆ.

ಟ್ಯೂಬಿನ ತುಂಡು ಯಾರದೆಂದು ಹೇಳಲು ಪೊಲೀಸ್ ಬೇಕಿರಲಿಲ್ಲ. ಕಾರ್ಯಕ್ರಮಕ್ಕೆ ಬಂದ ಸೈಕಲ್ ಅಂಗಡಿಯವರ ಮಗಳನ್ನು ಪಕ್ಕಕ್ಕೆ ಕರೆದು ಕೇಳಿದರು, "ಯಾಕೆ ಬಚ್ಚಿಟ್ಟೆ?"

"ಸಾಯಂಕಾಲ ಬೀರುಲಿಟ್ರೆ ಬೆಳಿಗ್ಗೆ ಬೇರೆಯವರು ತಗೋತಾರಲ್ಲ ಅಕ್ಕ. ಕಥೆ ಅರ್ಧಕ್ಕೇ ನಿಂತುಹೋಗುತ್ತೆ."

"ಮೆಂಬರ್ ಆಗಿ ಮನೆಗೆ ತಗೊಂಡು ಹೋಗು."

"ಅಪ್ಪಂಗೆ ಕಾಯಂ ನೌಕರಿ ಇಲ್ಲ. ಸಹಿ ಯಾರು ಹಾಕ್ತಾರೆ?" ಹುಡುಗಿ ನೆಲ ನೋಡುತ್ತಾ ಸೇರಿಸಿದಳು, "ನೀವು ಯಾರಿಗೂ ಹಾಕಲ್ಲ ಅಂತ ಎಲ್ಲರಿಗೂ ಗೊತ್ತು."

ಎಣಿಕೆಯ ದಿನ ಬೀರುವಿನಲ್ಲಿ ನಾನೂರ ಹನ್ನೆರಡು ಪುಸ್ತಕವೂ ಇದ್ದವು. ಎಣಿಸಲು ಬಂದವರು, "ಒಂದೂ ಕಮ್ಮಿ ಇಲ್ವಲ್ಲ, ಹೊಸದಾಗಿ ತಂದಿಟ್ರಾ?" ಎಂದು ಅಕ್ಕನ ಮೇಲೆಯೇ ಗುಮಾನಿಪಟ್ಟು ಎರಡನೇ ಸಲ ಎಣಿಸಿದರು. ಅಕ್ಕನಿಗೆ ಅದು ತಪ್ಪೆನ್ನಿಸಲಿಲ್ಲ. ಅವರು ಹೋದ ಮೇಲೆ ಇಪ್ಪತ್ಮೂರನ್ನೂ ಗುರುತು ಕದಲದ ಹಾಗೆ ಒಯ್ದು, ಗೆಜೆಟ್‌ಗಳ ಹಿಂದೆ ಆಯಾ ಜಾಗದಲ್ಲಿ ನಿಲ್ಲಿಸಿದರು. ಸಂಜೆ ನರ್ಸಮ್ಮನ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೆಂದು ಅವರು ಹೇಳಲಿಲ್ಲ. "ತಪ್ಪಾಯ್ತು ಅಂದೆ. ಬೇರೆ ಏನು ಹೇಳೋಕಾಗುತ್ತೆ?" ಎಂದಷ್ಟೇ ಅಂದರು. ನರ್ಸಮ್ಮ ಮತ್ತೆ ಬರುತ್ತಿದ್ದಾರೆ. ಆದರೆ ಚೀಲವನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಪ್ರತಿ ಸೋಮವಾರ ಅವರ ಖಾಲಿ ಕೈ ಕಂಡಾಗ ಅಕ್ಕನಿಗೆ ಸಂಕಟವಾಗುತ್ತದೆ.

ನಾವು ಹೋದ ದಿನ ರಜೆಗೆ ಇನ್ನು ನಾಲ್ಕೇ ದಿನ ಬಾಕಿ. ಶಾಲೆ ಶುರುವಾದರೆ ಹಗಲಿಡೀ ಇಲ್ಲಿ ಕೂತು ಓದಲು ಮಕ್ಕಳಿಗೆ ಬಿಡುವಿರುವುದಿಲ್ಲ. ಅಕ್ಕನ ಮೇಜಿನ ಮೇಲೆ ಸದಸ್ಯತ್ವದ ಇಪ್ಪತ್ಮೂರು ಅರ್ಜಿಗಳಿವೆ. ಮಕ್ಕಳು ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರಿಗೂ ವಿಚಾರಣೆ. "ಮನೆ ಎಲ್ಲಿ? ಪುಟದ ಮೂಲೆ ಮಡಿಸ್ತೀಯಾ? ಮನೇಲಿ ಗೋಡೆಗೆ ಗೀಚೋ ತಮ್ಮ ಇದ್ದಾನಾ?" ಎಂದೆಲ್ಲ ಗದರಿಸಿ, ಕೈ ತೊಳೆದು ಬಾ ಎಂದು ಇಬ್ಬರನ್ನು ವಾಪಸ್ ಕಳಿಸಿ, ಜಾಮೀನುದಾರರ ಗೆರೆಯ ಮೇಲೆ ನಿಧಾನವಾಗಿ, ಅಕ್ಷರ ಅಕ್ಷರವಾಗಿ ಸಹಿ ಹಾಕುತ್ತಾರೆ. ಗಂಡನಿಗೆ ಇನ್ನೂ ಹೇಳಿಲ್ಲವಂತೆ. ನಾದಿನಿಗಂತೂ ಗೊತ್ತಾಗಲೇಕೂಡದಂತೆ.

ಇಷ್ಟು ವರ್ಷದ ಮೇಲೆ ನಂಬಿಕೆ ಬಂತೇ ಎಂದು ಕೇಳಿದರೆ ಕಣ್ಣು ಕೆಂಪಗೆ ಮಾಡುತ್ತಾರೆ. "ನಂಬಿಕೆಗಿಂಬಿಕೆ ಅಂತೆಲ್ಲ ಬರೀಬೇಡಿ. ಕಥೆ ಅರ್ಧಕ್ಕೆ ನಿಲ್ಲಬಾರದು, ಅಷ್ಟೇ. ಬೀರುಗೆ ಮತ್ತೆ ಬೀಗ ಬೀಳಬಾರದು. ನನಗೆ ಬೇರೆ ಆಸೆ ಇಲ್ಲ."

ಸಾಲಿನ ಕೊನೆಯವಳು ಸೈಕಲ್ ಅಂಗಡಿಯವರ ಮಗಳು. ಸೀಲು ಬಿದ್ದ ಪುಸ್ತಕವನ್ನು ಕಸಿದುಕೊಂಡವಳೇ ಚಪ್ಪಲಿ ಮೆಟ್ಟಿ ಓಡುತ್ತಾಳೆ. ಅಕ್ಕ ಎದ್ದು ಬಾಗಿಲಿಗೆ ಹೋಗಿ ಅವಳು ಗೇಟು ದಾಟಿ, ರಸ್ತೆ ದಾಟಿ, ತಿರುವಿನಲ್ಲಿ ಮರೆಯಾಗುವವರೆಗೂ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಆಮೇಲೆ ಒಳಗೆ ಬಂದು ಪೆನ್ನಿಗೆ ಮುಚ್ಚಳ ಹಾಕುತ್ತಾರೆ.

"ಕದ್ದೋರು ಒಂದ್ಸಲನಾದ್ರೂ ತಿರುಗಿ ನೋಡ್ತಾರೆ. ಇವಳು ನೋಡಲಿಲ್ಲ."