ಗೊರಸಿನ ಗುಳಿಯಲ್ಲಿ ಹುಟ್ಟಿದ ಸೊಪ್ಪು

ಕೊಟ್ಟಿಗೆ ಒಂದೇ ಆಗಿದ್ದಾಗಲೂ ಅತ್ತಿಗೆ ಮೈದುನರ ನಡುವೆ ಮಾತು ನೆಟ್ಟಗಿರಲಿಲ್ಲ. ಪಾಲಾದ ಮೇಲೆ ನಡುವೆ ತಗಡಿನ ಗೋಡೆ ಎದ್ದಿತು. ಇಬ್ಬರೂ ತಗಡಿಗೆ ಬೈಯುತ್ತಿದ್ದರು, ಅದು ಆಚೆ ಕಡೆಗೆ ಕೇಳಿಸುತ್ತಿತ್ತು. ಅಕ್ಕಪಕ್ಕದವರು ಅವಳಿಗೆ ಸಿಡುಕಿ ಎಂದು ಹೆಸರಿಟ್ಟಿದ್ದರು. ಅವಳಿಗದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಗಂಡ ಹಾಲಿನ ವ್ಯಾನು ಓಡಿಸುತ್ತಿದ್ದ. ಈ ಜಗಳದಲ್ಲಿ ಅವನು ಯಾರ ಕಡೆಯೂ ಅಲ್ಲ, ಅದಕ್ಕೇ ಇಬ್ಬರಿಗೂ ಅವನ ಮೇಲೆ ಸಿಟ್ಟು.

ಹಸುಗಳಿಗೆ ಮೇವು ಕೊಂಡು ಕೊಂಡು ಸಾಕಾಗಿ, ಸಿಡುಕಿ ಕೊಟ್ಟಿಗೆಯ ಹಿಂದಿನ ಹೊಲಕ್ಕೆ ಕುದುರೆ ಮಸಾಲೆ ಸೊಪ್ಪು ಹಾಕಲು ಹೊರಟಳು. ಒಮ್ಮೆ ಬೇರೂರಿದರೆ ವರ್ಷಗಟ್ಟಲೆ ಕೊಯ್ಯಬಹುದಾದ ಮೇವು ಅದು. ಗೊಬ್ಬರ ಹೊತ್ತು ಹಾಕಿದಳು, ಮತ್ತೆ ಮತ್ತೆ ಉಳುಮೆ ಮಾಡಿಸಿದಳು. ಕಾಲಿಟ್ಟರೆ ಹಿಮ್ಮಡಿ ಮುಳುಗುವಷ್ಟು ಮಣ್ಣು ಮೆತ್ತಗಾಯಿತು. ಸಾಸಿವೆಯಂಥ ಸಣ್ಣ ಬೀಜ ಚೆಲ್ಲಿ ಮುಚ್ಚಿದಳು.

ಏನೂ ಹುಟ್ಟಲಿಲ್ಲ.

“ಹಾಸಿಗೆ ತುಂಬಾ ಮೆತ್ತಗೆ ಹಾಸಿದ್ರಿ ಅತ್ತಿಗೆ, ಬೀಜಕ್ಕೆ ಏಳೋಕೇ ಮನಸ್ಸಿಲ್ಲ,” ಎಂದ ಮೈದುನ, ತಗಡಿನ ಆಚೆಯಿಂದ.

“ನಿನ್ನ ನೋಡಿ ಕಲಿತಿರ್ಬೇಕು,” ಎಂದಳು.

ಅವನು ಅಷ್ಟಕ್ಕೇ ಬಿಡಲಿಲ್ಲ. ಜಿಟಿಜಿಟಿ ಮಳೆ ಬಂದ ಮರುದಿನ ಬೇಲಿಯ ಗೂಟ ಕಿತ್ತು, ತನ್ನ ಹಸುಗಳನ್ನು ಅವಳ ಹೊಲದೊಳಕ್ಕೆ ನುಗ್ಗಿಸಿದ. ಅವಳು ಕೋಲು ಹಿಡಿದು ಓಡಿಬಂದಳು.

“ಯಾರನ್ನ ಕೇಳಿ ಬಿಟ್ಟೆ?”

“ಬರೀ ಮಣ್ಣು ತಾನೇ? ತುಳಿದ್ರೆ ಸವೆದು ಹೋಗುತ್ತಾ?”

ಕೋಲಿನ ಏಟು ಹಸುವಿಗೆ ಬೀಳಲಿಲ್ಲ, ಅವನ ಮೊಣಕಾಲಿಗೆ ಬಿತ್ತು.

ಕೆಲವು ದಿನಗಳ ಮೇಲೆ ಗೂಟ ನೆಡಲು ಹೋದಾಗ ಅವಳು ನಿಂತುಬಿಟ್ಟಳು. ಗೊರಸಿನ ಗುಳಿಗಳಲ್ಲೆಲ್ಲ ಹಸಿರು ಮೊಳಕೆ, ನಡುವಿನ ಜಾಗವೆಲ್ಲ ಬೋಳು. ಕೂತು ಕೆದಕಿದಳು. ಬೋಳು ಜಾಗದಲ್ಲಿ ಮಣ್ಣು ಹುಡಿಹುಡಿ, ಬೀಜ ಅದರಲ್ಲಿ ಒಣಗಿ ಬಿದ್ದಿತ್ತು. ಗುಳಿಯಲ್ಲಿ ಮಣ್ಣು ಒತ್ತಿಕೊಂಡು ತೇವ ಹಿಡಿದಿತ್ತು, ಅಲ್ಲಿ ಬೇರು ಕಚ್ಚಿತ್ತು. ತನ್ನ ತಪ್ಪೇನೆಂದು ಅವಳಿಗೆ ಹೊಳೆಯಿತು. ಹೊಳೆಯಲು ಅವನು ಕಾರಣನಾದನಲ್ಲ ಎಂದು ಮೈಯೆಲ್ಲ ಉರಿಯಿತು.

ಮತ್ತೆ ಹೊಲ ಹದ ಮಾಡಿದಳು. ಈ ಸಲ ನೀರು ತುಂಬಿದ ಡ್ರಮ್ಮನ್ನು ಉದ್ದಕ್ಕೂ ಉರುಳಿಸಿ, ಕಾಲಿಟ್ಟರೆ ಹೆಜ್ಜೆಯ ಅಚ್ಚು ಮಾತ್ರ ಮೂಡುವಷ್ಟು ಮಣ್ಣು ಗಟ್ಟಿಯಾದ ಮೇಲೆ ಬೀಜ ಚೆಲ್ಲಿದಳು. ಮೇಲೆ ತೆಳ್ಳಗೆ ಮಣ್ಣೆಳೆದು ಇನ್ನೊಮ್ಮೆ ಉರುಳಿಸಿದಳು. ಸೊಪ್ಪು ಚಾಪೆ ಹಾಸಿದಂತೆ ಎದ್ದಿತು.

ಡ್ರಮ್ ಉರುಳಿದ್ದನ್ನೆಲ್ಲ ನೋಡಿದ್ದ ಮೈದುನ ಮೊದಲ ಕೊಯ್ಲಿಗೆ ಕುಡುಗೋಲು ಹಿಡಿದೇ ಬಂದ.

“ಅರ್ಧ ನಂದು ಅತ್ತಿಗೆ. ನನ್ನ ಹಸು ತುಳೀದೇ ಇದ್ದಿದ್ರೆ ನಿಮಗೆಲ್ಲಿ ಗೊತ್ತಾಗ್ತಿತ್ತು?”

“ಹಾಗಾದ್ರೆ ಹಸುಗಳೇ ಬಂದು ಕೇಳ್ಲಿ. ಅವುಗಳ ಮಾತಿಗಾದ್ರೂ ಮರ್ಯಾದೆ ಇದೆ.”

ಅವನು ತನ್ನ ಪಾಲಿನ ಹೊಲಕ್ಕೂ ಅದೇ ಬೀಜ ಹಾಕಿದ, ಅವಳಂತೆಯೇ ಡ್ರಮ್ ಉರುಳಿಸಿದ. ಅಲ್ಲೂ ಸೊಪ್ಪು ಎದ್ದಿತು. ಆ ಕಡೆ ಕಣ್ಣೆತ್ತಿಯೂ ನೋಡಿಲ್ಲ ಎಂದು ಸಿಡುಕಿ ಹೇಳುತ್ತಾಳೆ. ಆದರೆ ಅವನ ಹೊಲದ ತಗ್ಗಿನ ಮೂಲೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತಿರುವುದು ಅವಳಿಗೆ ಗೊತ್ತು. ಒಂದು ಕಾಲುವೆ ತೋಡಿದರೆ ಉಳಿಯುತ್ತದೆ ಎಂಬುದೂ ಗೊತ್ತು. ಹೇಳಿಲ್ಲ.