ಮೊದಲು ಪೆಡಲು, ಬಳಿಕ ಬಾಟಲು

ಸೈಕಲ್ ಸಾಮ್ರಾಟರೇ, ದ್ರಾಕ್ಷಾರಸದ ರಸಿಕರೇ, ಓದದೆಯೇ ಲೈಕ್ ಒತ್ತಿ ಹೋಗುವ ಮಹಾಸಭಿಕರೇ!

ಇಂದು ಮಧ್ಯಾಹ್ನ ನಿಪ್ಪಾಣಿಯಿಂದ ಅಕ್ಕನ ಮಗ ಪ್ರವೀಣ ರಾಯಬಾಗದ ನಮ್ಮ ಮನೆಗೆ ಬಂದ.

"ಮಾಮಾ, ಕಾಗವಾಡದಿಂದ ಐಗಳಿ ಮಟಾ ಸೈಕಲ್ ಟೂರ್ ಮಾಡಾಕತ್ತೇವ್ರಿ. ನಡುವ ದ್ರಾಕ್ಷಿ ತ್ವಾಟದಾಗ ಇಳದು ವೈನ್ ರುಚಿ ನೋಡೂದು. ಟೂರಿನ ಬೋರ್ಡಿಗೆ ಪ್ರಾಸದಾಗ ಒಂದ ಸಾಲು ಬರದ ಕೊಡ್ರಿ."

ಪ್ರಾಸವೆಂದರೆ ನಾನು ಪ್ರಾಣ ಬಿಡುವವನು. "ಮೊದಲು ಪೆಡಲು, ಬಳಿಕ ಬಾಟಲು" ಎಂದು ಬರೆದು ಗಟ್ಟಿಯಾಗಿ ಓದಿದೆ. ಪ್ರವೀಣ ಚಪ್ಪಾಳೆ ತಟ್ಟಿದ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟಳು.

"ನಿಮ್ಮ ಅಜ್ಜ ಸಂತಿ ದಿನಾ ಸೈಕಲ್ ಮ್ಯಾಲ ಕುಡ್ಯಾಕ ಹೋಗತಿದ್ದ, ಪ್ರವೀಣ. ಹೋಗಬಾರದಂತ ನಾ ಎರಡೂ ಗಾಲಿ ಗಾಳಿ ಬಿಡತಿದ್ನಿ. ಯಾರೋ ತುಂಬಿ ಕೊಡತಿದ್ರು. ಕುಡದ ಕುಡದ ಜೀಂವಾ ಕಳಕೊಂಡ. ಗಾಳಿ ತುಂಬಿದವರ ಕೈ ಸೇದಿ ಹೋಗ್ಲಿ!"

ತೊಂಬತ್ತರ ದಶಕದಿಂದಲೂ ಅವ್ವನದು ಇದೇ ಶಾಪ. ನಾನು ಚೀಟಿ ಹರಿದೆ.

"ಯಾಕ್ರಿ ಮಾಮಾ, ಛಲೋ ಇತ್ತಲ್ರಿ?"

"ಬ್ಯಾರೆ ಕವೀನ ಹುಡುಕ್ಕೋ ಹೋಗಲೇ."

ಅಪ್ಪ ಉಳಿದ ದಿನಗಳಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಸಂತೆಯ ಸಂಜೆ ಕುಡಿದು ಬಂದಾಗ ಮಾತ್ರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲಿಗೆ ಸಾಲು ಪ್ರಾಸ ಕಟ್ಟುತ್ತಿದ್ದ. ಅದನ್ನು ಕೇಳುವ ಆಸೆಗೆ, ಆಗ ಹೈಸ್ಕೂಲಿನಲ್ಲಿದ್ದ ನಾನೇ ಅವ್ವನ ಕಣ್ಣು ತಪ್ಪಿಸಿ ಪಂಪು ಹೊಡೆದು ಕೊಡುತ್ತಿದ್ದೆ.

ಅವ್ವ ಮೊಬೈಲ್ ನೋಡುವುದಿಲ್ಲ. ನನ್ನ ಕೈ ಇನ್ನೂ ಸೇದಿ ಹೋಗಿಲ್ಲ. ಇದನ್ನು ಬರೆದದ್ದೂ ಅದೇ ಕೈ.